ಸಿದ್ರಕ್ಕನ ಬಿರುಕಿನ ಬುಟ್ಟಿ

"ಎಫ್ರೆನ್, ಕೇಳು ಮಗಾ. ಈ ಕಡೆ ಮಗ್ಗುಲಾಗು. ಹಾಂ, ಹಾಗೆ. ನಿನ್ನ ತಲೆ ಹ್ಯಾಗೆ ಕಟ್ಟಿದ್ದು ಅಂತ ಹೇಳ್ತೀನಿ. ಮೊದಲು ನೀನೊಂದು ನೀರು ತುಂಬಿದ ಕೊಳವೆ, ಅಷ್ಟೆ. ಅಕ್ಕಿಕಾಳಿಗಿಂತ ಚಿಕ್ಕದು. ಮಿದುಳಿನ ಕಣಗಳು ಹುಟ್ಟೋದು ಆ ನೀರಿನ ದಡದಲ್ಲಿ. ಹುಟ್ಟೋದೇನೋ ಕೆಳಗೆ, ಆದ್ರೆ ಅವುಗಳ ಮನೆ ಇರೋದು ಮೇಲೆ, ಬುರುಡೆ ಹತ್ತಿರ. ಅಲ್ಲಿಗೆ ಮೆಟ್ಟಿಲಿಲ್ಲ. ಉದ್ದುದ್ದ ಎಳೆಗಳಿರ್ತಾವಂತೆ, ತೆಂಗಿನ ಮರ ನಿಲ್ಲಿಸಿದ ಹಾಗೆ. ಅದನ್ನ ತಬ್ಬಿಕೊಂಡು ಒಂದೊಂದೇ ಕಣ ಹತ್ತಬೇಕು. ಮೊದಲು ಹತ್ತಿದ್ದು ಕೆಳಗಿನ ಅಂತಸ್ತಲ್ಲಿ ನಿಲ್ಲುತ್ತೆ, ಆಮೇಲೆ ಬಂದದ್ದು ಅದನ್ನ ದಾಟ್ಕೊಂಡು ಇನ್ನೂ ಮೇಲಕ್ಕೆ ಹೋಗುತ್ತೆ. ಎಂಥಾ ಮರ್ಯಾದಸ್ತರು ನೋಡು. ನಮ್ಮ ಜೀಪಲ್ಲಿ ಮೊದಲು ಹತ್ತಿದೋನು ಬಾಗಿಲಲ್ಲೇ ಕೂತು ಹಿಂದಿನೋರಿಗೆ ಮೊಣಕಾಲು ಅಡ್ಡ ಕೊಡ್ತಾನೆ.

"ಹತ್ತೋಕೆ ಕಣಕ್ಕೆ ಕೈ ಎಲ್ಲಿದೆ ಅಂತೀಯಾ? ನಾನೂ ಅದನ್ನೇ ಕೇಳಿದೆ. ಕಣದ ಒಳಗೇ ಒಂದು ಹಂದರ ಇದೆಯಂತೆ. ಗೋಡೆಗೆ ಬಣ್ಣ ಹೊಡೆಯೋರು ಬಿದಿರಿನ ಸಾರುವೆ ಕಟ್ಟಲ್ವಾ, ಹಾಗೆ. ಮುಂದಕ್ಕೆ ಒಂದು ಗಳ ಚಾಚುತ್ತೆ, ಹಿಂದಿನದನ್ನ ಬಿಚ್ಚುತ್ತೆ, ತನ್ನ ಹೊಟ್ಟೆಯೊಳಗಿನ ಗಂಟನ್ನ ಮೇಲಕ್ಕೆ ಜಗ್ಗಿಕೊಳ್ಳುತ್ತೆ. ಮತ್ತೆ ಚಾಚು, ಮತ್ತೆ ಜಗ್ಗು. ಆ ಗಳಗಳನ್ನ ಬಿಗಿದು ಹಿಡಿಯೋ ಹುರಿ ಒಂದಿದೆ. ನಿನ್ನಲ್ಲಿ ಆ ಹುರಿ ಲಡ್ಡು ಹಿಡಿದದ್ದು. ಕಣಗಳು ಹೊರಟವು ಪಾಪ, ಹೊರಡದೆ ಇರಲಿಲ್ಲ. ಅರ್ಧ ದಾರೀಲಿ ಗಳ ಸಡಿಲ ಆಯ್ತು. ಅಲ್ಲಲ್ಲೇ ನಿಂತುಬಿಟ್ಟವು. ಅದಕ್ಕೇ ನಿನ್ನ ಮಿದುಳಿನ ಮೇಲೆ ಮಡಿಕೆ ಬರಲಿಲ್ಲ, ನುಣ್ಣಗಿದೆ. ಬೆಳಕಿಂದ ಅಲ್ಲ ಮಗಾ. ಮೊಟ್ಟೆಯಿಂದ ಅಲ್ಲ. ನಿಮ್ಮಜ್ಜಿಗೆ ಮಾತ್ರ ಹೇಳಬೇಡ."

ಎಫ್ರೆನ್ ಹೇಳುವ ಭಯವಿರಲಿಲ್ಲ. ಹದಿನೇಳು ವರ್ಷದ ಅವನಿಗೆ ಮಾತು ಬಂದಿರಲೇ ಇಲ್ಲ. ತಾಯಿಯ ದನಿ ಬಂದ ಕಡೆ ಕಣ್ಣು ತಿರುಗಿಸುತ್ತಿದ್ದ, ಗಂಜಿಯಲ್ಲಿ ಶುಂಠಿ ಹೆಚ್ಚಾದರೆ ಉಗುಳುತ್ತಿದ್ದ, ಯಾರಾದರೂ ಸೀನಿದರೆ ನಗುತ್ತಿದ್ದ. ಅಷ್ಟೇ ಅವನ ಪ್ರಪಂಚ. ಅದಕ್ಕೇ ತಾಯಿ ಸಿದ್ರಕ್ಕ ಅವನಿಗೆ ಹೇಳಿದ್ದು. ಬೇರೆ ಯಾರಿಗೂ ಹೇಳುವ ಹಾಗಿರಲಿಲ್ಲ. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗುವುದಕ್ಕೂ ಇಲ್ಲ, ಉಗುಳುವುದಕ್ಕೂ ಇಲ್ಲ.

ಪಾತೆರೋಸ್‌ನಲ್ಲಿ ಬಾತುಮೊಟ್ಟೆಗೆ ಕಾವು ಕೊಟ್ಟು, ಒಳಗೆ ಮರಿ ಮೂಡಿದ ಮೇಲೆ ಚಿಪ್ಪಿನಲ್ಲೇ ಬೇಯಿಸಿ ತಿನ್ನುವ ಬಲೂತ್ ಮಾಡುವ ಮನೆಗಳು ಈಗ ಬೆರಳೆಣಿಕೆಯಷ್ಟೇ ಉಳಿದಿವೆ. ನದಿ ಕೆಟ್ಟ ಮೇಲೆ ಬಾತುಗಳು ಊರು ಬಿಟ್ಟವು. ಮೊಟ್ಟೆಗಳು ಸರೋವರದ ಆಚೆ ದಡದಿಂದ ಬರುತ್ತವೆ. ಹಾಗೆ ಉಳಿದ ಮನೆಗಳಲ್ಲಿ ಊಪೆಂಗ್ ಮುದುಕಿಯದೂ ಒಂದು. ಸಿದ್ರಕ್ಕ ಆ ಮನೆಯ ಸೊಸೆ. ಹತ್ತೊಂಬತ್ತಕ್ಕೆ ಅಲ್ಲಿ ಕಾಲಿಟ್ಟವಳಿಗೆ ಈಗ ನಲವತ್ತೆರಡು. ಗಂಡ ಕಾದ್ಯೊ ಒಳ್ಳೆಯವನು, ಮೊಟ್ಟೆಯ ಹಾಗೆ ಬಾಯಿಲ್ಲದವನು. ವಾರಕ್ಕೆರಡು ಸಲ ಜೀಪಿನಲ್ಲಿ ಮೊಟ್ಟೆ ತಂದು ಇಳಿಸಿ, ಬಲೂತ್ ಹೊತ್ತುಕೊಂಡು ಹೋಗಿ ಅಂಗಡಿಗಳಿಗೆ ಹಾಕಿ ಬರುತ್ತಿದ್ದ.

ಈ ಕೆಲಸಕ್ಕೆ ರಜೆ ಎಂಬುದಿಲ್ಲ. ಭತ್ತದ ಹೊಟ್ಟನ್ನು ದೊಡ್ಡ ಬಾಣಲೆಯಲ್ಲಿ ಹುರಿದು, ಚೀಲದಲ್ಲಿ ತುಂಬಿ, ಎತ್ತರದ ಬಿದಿರು ಬುಟ್ಟಿಯೊಳಗೆ ಒಂದು ಪದರ ಬಿಸಿ ಹೊಟ್ಟು, ಒಂದು ಪದರ ಮೊಟ್ಟೆ ಎಂದು ಜೋಡಿಸಬೇಕು. ದಿನಕ್ಕೆ ಮೂರು ಸಲ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಬೇಕು. ಹೊರಳಿಸದೆ ಬಿಟ್ಟರೆ ಮರಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಕಾವು ಸರಿಯಿದೆಯೋ ಇಲ್ಲವೋ ನೋಡಲು ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿಕೊಳ್ಳಬೇಕು. ಎಫ್ರೆನ್ ದೊಡ್ಡವನಾದ ಮೇಲೆ ಸಿದ್ರಕ್ಕನಿಗೆ ಹೊರಳಿಸುವ ಕೆಲಸ ಎರಡಾಯಿತು. ಅವನನ್ನು ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತಿತ್ತು. ಆದ್ದರಿಂದ ಒಂದೇ ಸುತ್ತಿನಲ್ಲಿ ಮೊದಲು ಮೊಟ್ಟೆ, ಆಮೇಲೆ ಮಗ. ಆ ಹದಿನೇಳು ವರ್ಷದಲ್ಲಿ ಒಂದು ರಾತ್ರಿಯೂ ಅವಳು ಆ ಮನೆಯ ಹೊರಗೆ ಮಲಗಿದವಳಲ್ಲ. ತನ್ನ ಸ್ವಂತ ಅಕ್ಕ ಸತ್ತಾಗ ಸರೋವರದ ಆಚೆ ಹೋಗಿ, ಹೆಣದ ಮುಖ ನೋಡಿ, ನಾಲ್ಕು ಗಂಟೆಯ ಹೊರಳಿಸುವಿಕೆಗೆ ವಾಪಸು ಬಂದಿದ್ದಳು.

ಎಫ್ರೆನ್ ಹೊಟ್ಟೆಯಲ್ಲಿದ್ದಾಗಿನ ಮಾತು. ಏಳನೇ ದಿನಕ್ಕೂ ಹದಿನಾಲ್ಕನೇ ದಿನಕ್ಕೂ ಮೊಟ್ಟೆಗಳನ್ನು ಕತ್ತಲೆ ಕೋಣೆಯಲ್ಲಿ ಬೆಳಕಿಗೆ ಹಿಡಿದು ನೋಡುವ ಪದ್ಧತಿ. ತೂತು ಕೊರೆದ ಪೆಟ್ಟಿಗೆ, ಒಳಗೆ ಬಲ್ಬು. ತೂತಿಗೆ ಮೊಟ್ಟೆ ಇಟ್ಟರೆ ಒಳಗಿನದೆಲ್ಲ ಕಾಣುತ್ತದೆ. ನಾಳ ಕವಲೊಡೆದಿದ್ದರೆ ಬುಟ್ಟಿಗೆ, ಬರಿದಾಗಿದ್ದರೆ ಬೇಯಿಸುವುದಕ್ಕೆ, ಸತ್ತಿದ್ದರೆ ಬೇರೆ. ಗರ್ಭಿಣಿಯರು ಆ ಕೋಣೆಗೆ ಹೋಗಬಾರದು ಎಂದು ಊರಿನಲ್ಲೆಲ್ಲ ಮಾತು. ಬಸುರಿ ಯಾವುದನ್ನು ದಿಟ್ಟಿಸಿ ನೋಡುತ್ತಾಳೋ ಮಗುವಿಗೆ ಅದರ ಗುಣ ಬರುತ್ತದೆ ಎಂದು. ಆದರೆ ಆ ವರ್ಷ ಬೆಳಕು ಹಿಡಿಯುವವನು ಕಾಲು ಮುರಿದುಕೊಂಡ, ಸಿದ್ರಕ್ಕ ನಾಲ್ಕು ತಿಂಗಳು ಆ ಪೆಟ್ಟಿಗೆಯ ಮುಂದೆ ಕೂತಳು.

ಮಗು ಹುಟ್ಟಿ ಐದು ತಿಂಗಳಿಗೆ ಮೈ ಬಿಲ್ಲಾಗಿ ಸೆಳೆತ ಶುರುವಾಯಿತು. ಎರಡು ವರ್ಷಕ್ಕೆ ದೊಡ್ಡಾಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಅಲ್ಲಿದ್ದ ವಯಸ್ಸಾದ ಡಾಕ್ಟರು ಚಿತ್ರವನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ, "ಮಿದುಳು ಹಾಗಲಕಾಯಿ ಥರ ಸುಕ್ಕುಸುಕ್ಕಾಗಿರಬೇಕು ತಾಯಿ. ಇದು ನೋಡಿ, ಬೇಯಿಸಿದ ಮೊಟ್ಟೆ ಹಾಗೆ ನುಣ್ಣಗಿದೆ" ಎಂದುಬಿಟ್ಟರು.

ಜೊತೆಗೆ ಬಂದಿದ್ದ ಊಪೆಂಗ್ ಮುದುಕಿ ಎದೆ ಎದೆ ಬಡಿದುಕೊಂಡಳು. "ಕೇಳಿಸ್ಕೊಂಡ್ಯಾ? ಡಾಕ್ಟ್ರ ಬಾಯಲ್ಲೇ ಬಂತು! ಮೊಟ್ಟೆ! ನಾಲ್ಕು ತಿಂಗಳು ಅದರ ಮುಂದೆ ಕಣ್ಣು ಪಿಳಿಪಿಳಿ ಬಿಟ್ಕೊಂಡು ಕೂತಿದ್ದಕ್ಕೆ ಮಗೂಗೆ ಮೊಟ್ಟೆತಲೆ ಬಂತು!"

ಡಾಕ್ಟರು ಏನೋ ಹೇಳಲು ಹೋದರು. ಮುದುಕಿಯ ಬಾಯ ಮುಂದೆ ಯಾವ ಡಾಕ್ಟರು ನಿಂತಾರು? ಅಂದಿನಿಂದ ಅದೇ ಮನೆಯ ತೀರ್ಪು. ಅಡುಗೆಗೆ ಉಪ್ಪು ಹೆಚ್ಚಾದರೂ ಬೆಳಕಿನ ಮಾತು, ಹೊಟ್ಟು ಸೀದರೂ ಬೆಳಕಿನ ಮಾತು. ಸಿದ್ರಕ್ಕ ಎದುರು ಮಾತಾಡಲಿಲ್ಲ. ನೆರೆಯವರು ಅವಳನ್ನು ಭೂಮಿತೂಕದವಳು ಎಂದರು. ಭೂಮಿತೂಕವೂ ಅಲ್ಲ, ಏನೂ ಅಲ್ಲ. ಆ ಬೈಗುಳ ಅವಳಿಗೆ ಒಂದು ಮರೆಯಾಗಿತ್ತು.

ಏಕೆಂದರೆ ಸಿದ್ರಕ್ಕನಿಗೆ ಚಿಕ್ಕಂದಿನಿಂದ ಒಂದು ತೊಂದರೆ ಇತ್ತು. ಕಣ್ಣು ಬಿಟ್ಟುಕೊಂಡೇ ಅವಳು ಎಲ್ಲಿಗೋ ಹೋಗಿಬಿಡುತ್ತಿದ್ದಳು. ಬೀಳುತ್ತಿರಲಿಲ್ಲ, ನೊರೆ ಕಾರುತ್ತಿರಲಿಲ್ಲ. ಹಾಡುವ ರೇಡಿಯೋದ ಗುಂಡಿ ಯಾರೋ ಒತ್ತಿ ಆರಿಸಿ, ಮತ್ತೆ ಹಚ್ಚಿದ ಹಾಗೆ. ಒಂಬತ್ತನೆಯ ವಯಸ್ಸಿನಲ್ಲಿ ನದಿಯ ಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತ ಹಾಗೆ ಆದಾಗ ಅಂಗಿ ನೀರಿನಲ್ಲಿ ತೇಲಿಹೋಯಿತು, ತಾಯಿ ಹೊಡೆದಳು. ಆಮೇಲೆ ಅವಳು ಮುಚ್ಚಿಡುವುದನ್ನು ಕಲಿತಳು. ಶಾಲೆಯಲ್ಲಿ ಕನಸು ಕಾಣುವವಳು ಎಂದರು, ಗಂಡನ ಮನೆಯಲ್ಲಿ ಮಂದ ಎಂದರು. ಅವಳು ಎರಡಕ್ಕೂ ಹೂಂ ಎಂದಳು.

ಮೊಟ್ಟೆಯ ಕೆಲಸದಲ್ಲಿ ಅದನ್ನು ಮುಚ್ಚಿಡುವುದು ಕಷ್ಟ. ಬುಟ್ಟಿಗೆ ಹಾಕುವ ಮುಂಚೆ ಎರಡೆರಡು ಮೊಟ್ಟೆ ಕೈಯಲ್ಲಿ ಹಿಡಿದು ಒಂದಕ್ಕೊಂದು ತಟ್ಟಿ ಸದ್ದು ಕೇಳಬೇಕು. ಗಟ್ಟಿ ಮೊಟ್ಟೆಗೆ ಕಲ್ಲಿನ ಸದ್ದು. ಕೂದಲೆಳೆಯಷ್ಟು ಬಿರುಕಿದ್ದರೂ ಒಡಕು ಸದ್ದು. ಬಿರುಕು ಬಿಟ್ಟದ್ದನ್ನು ಕಾವಿಗೆ ಹಾಕಿದರೆ ಕೊಳೆತು ಸುತ್ತಲಿನದನ್ನೂ ಕೆಡಿಸುತ್ತದೆ. ತಟ್ಟುತ್ತ ತಟ್ಟುತ್ತ ಸಿದ್ರಕ್ಕ ಒಮ್ಮೊಮ್ಮೆ ಹೋಗಿಬಿಡುತ್ತಿದ್ದಳು. ಮರಳಿ ಬಂದಾಗ ಕೈಯಲ್ಲಿ ಎರಡು ಮೊಟ್ಟೆ. ಇವನ್ನು ತಟ್ಟಿದೆನೋ ಇಲ್ಲವೋ, ಸದ್ದು ಕೇಳಿದೆನೋ ಇಲ್ಲವೋ, ಏನೂ ನೆನಪಿರುತ್ತಿರಲಿಲ್ಲ. ಮತ್ತೆ ತಟ್ಟಿದರೆ ಎದುರು ಕೂತವರಿಗೆ ಅನುಮಾನ. ಅದಕ್ಕೆ "ಬಿರುಕು" ಎಂದು ಹೇಳಿ ಎರಡನ್ನೂ ಬಿರುಕಿನ ಬುಟ್ಟಿಗೆ ಹಾಕಿಬಿಡುತ್ತಿದ್ದಳು. ತಾನಿಲ್ಲದ ಹೊತ್ತಿನಲ್ಲಿ ಕೈಯಲ್ಲಿದ್ದ ಮೊಟ್ಟೆಗೆ ಅವಳು ಸಾಕ್ಷಿ ಹೇಳುವವಳಲ್ಲ.

"ಈ ಮಹಾತಾಯಿ ಕೈಗೆ ಮಾತ್ರ ದಿನಾ ಬಿರುಕು ಸಿಗುತ್ತೆ" ಎಂದು ಮುದುಕಿ ಗೊಣಗುವಳು. "ಬಾತುಗಳು ಹುಡುಕಿ ಹುಡುಕಿ ಇವಳಿಗೇ ಇಡ್ತಾವೆ."

ಹೀಗಿರುವಾಗ ಎಫ್ರೆನ್‌ನ ಹಳೇ ಡಾಕ್ಟರು ನಿವೃತ್ತರಾಗಿ ಉಮಾಲಿ ಎಂಬ ಹೊಸ ಡಾಕ್ಟರು ಬಂದಳು. ಚಿಕ್ಕ ವಯಸ್ಸು, ಕಾಲಲ್ಲಿ ರಬ್ಬರ್ ಚಪ್ಪಲಿ. ಎಫ್ರೆನ್‌ನ ರಕ್ತ ತೆಗೆದು ಎಲ್ಲಿಗೋ ಕಳಿಸಿದ್ದಳು. ಅದರ ಉತ್ತರ ಬಂದ ದಿನ ಚೀಟಿಯ ಹಿಂದೆ ಚಿತ್ರ ಬರೆದು, ಕಿಟಕಿಯಾಚೆ ಬಣ್ಣ ಹೊಡೆಯುವವರ ಸಾರುವೆ ತೋರಿಸಿ, ಕಣ, ಗಳ, ಹುರಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಸಿದ್ರಕ್ಕ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು, ಆದರೂ ಬಲೂತ್ ಮನೆಯವಳು.

"ಯಾವ ದಿನ ಹತ್ತೋಕೆ ಶುರು ಮಾಡ್ತಾವೆ ಡಾಕ್ಟ್ರೇ?"

"ಯಾವ ದಿನ ಅಂದ್ರೆ?"

"ನಮ್ಮಲ್ಲಿ ಏಳಕ್ಕೆ ನಾಳ ಕಾಣುತ್ತೆ, ಹದಿನಾಲ್ಕಕ್ಕೆ ಕಣ್ಣು. ಇವಕ್ಕೂ ದಿನ ಇರ್ಬೇಕಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟಳು. "ಎರಡನೇ ತಿಂಗಳು ಮುಗಿಯೋ ಹೊತ್ತಿಗೆ ಶುರು. ಮೂರು ನಾಲ್ಕರಲ್ಲಿ ಜೋರು. ಆರರ ಹೊತ್ತಿಗೆ ಹೆಚ್ಚುಕಡಿಮೆ ಮುಗಿಯುತ್ತೆ. ಇದನ್ನ ನಮ್ಮ ವಿದ್ಯಾರ್ಥಿಗಳೂ ಕೇಳಲ್ಲಮ್ಮ."

"ಮತ್ತೆ ಬೆಳಕು? ಬಸುರಿ ಮೊಟ್ಟೆಯನ್ನ ಬೆಳಕಲ್ಲಿ ನೋಡಿದ್ರೆ?"

"ಬೆಳಕಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಹುರಿ ಹೊಸೆಯೋದು ಹ್ಯಾಗೆ ಅಂತ ಮೈಯೊಳಗೆ ಇರೋ ಬರಹದಲ್ಲೇ ಇರೋ ತಪ್ಪು. ಹೆಂಗಸರಲ್ಲಿ ಆ ಬರಹದ ಎರಡು ಪ್ರತಿ ಇರುತ್ತೆ, ಅಪ್ಪನದೊಂದು, ಅಮ್ಮನದೊಂದು. ಗಂಡಿಗೆ ಅಮ್ಮನದು ಒಂದೇ. ಅದು ಕೆಟ್ಟರೆ ಅವನಿಗೆ ಬೇರೆ ಆಸರೆ ಇಲ್ಲ. ಹೆಂಗಸಾದ್ರೆ ಅರ್ಧ ಕಣಗಳಿಗೆ ಒಳ್ಳೇ ಹುರಿ ಸಿಗುತ್ತೆ, ಅವು ಮೇಲೆ ಹೋಗಿ ಮನೆ ಮಾಡ್ತಾವೆ. ಮಿಕ್ಕಿದ್ದು ಮಧ್ಯೆ ನಿಂತು ಇನ್ನೊಂದು ಪದರ ಆಗುತ್ತೆ. ಅಂಥೋರು ನಿಮ್ಮ ಹಾಗೇ ಓಡಾಡ್ಕೊಂಡು ಇರ್ತಾರೆ, ಮಕ್ಕಳನ್ನ ಹೆರ್ತಾರೆ. ಒಂದಿಷ್ಟು ಸೆಳೆತ ಬರಬಹುದು, ಅಥವಾ ಕಣ್ಣು ಬಿಟ್ಕೊಂಡೇ ಮೈಮರೆಯೋದು." ಡಾಕ್ಟರು ಅವಳ ಮುಖ ನೋಡಿದಳು. "ನಿಮಗೆ ಯಾವತ್ತಾದ್ರೂ ಹಾಗೆ ಆಗಿದ್ಯಾ?"

"ಇಲ್ಲ ಡಾಕ್ಟ್ರೇ."

"ಒಂದು ಸಲವೂ?"

"ನಿದ್ದೆಗೇ ಪುರುಸೊತ್ತಿಲ್ಲ. ಇನ್ನು ಮೈಮರೆಯೋದೆಲ್ಲಿ ಬಂತು."

ಡಾಕ್ಟರು ನಕ್ಕಳು, ಆದರೆ ಪ್ರಶ್ನೆ ಬಿಡಲಿಲ್ಲ. "ಹೆಣ್ಣುಮಕ್ಕಳಿದ್ದಾರಾ?"

"ಒಬ್ಬಳು. ಇವನಿಗಿಂತ ಐದು ವರ್ಷ ದೊಡ್ಡೋಳು. ಮದುವೆಯಾಗಿದೆ. ಮಕ್ಕಳಿಲ್ಲ ಇನ್ನೂ."

"ಮಕ್ಕಳಾಗೋ ಮುಂಚೆ ಅವಳನ್ನ ಕರ್ಕೊಂಡು ಬನ್ನಿ. ಯೋಚನೆ ಮಾಡಿ ಅಂತಿಲ್ಲ, ಕರ್ಕೊಂಡೇ ಬನ್ನಿ."

ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಿದ್ರಕ್ಕ ಮನೆಗೆ ಬಂದಳು. ಹದಿನೈದು ವರ್ಷದ ಆರೋಪ ಸುಳ್ಳು ಎಂದು ಕಾಗದದಲ್ಲೇ ಬಂದಿತ್ತು. ಬೇರೆಯವಳಾಗಿದ್ದರೆ ಬಾಗಿಲಿನಿಂದಲೇ ಕೂಗುತ್ತ ಬರುತ್ತಿದ್ದಳು. ಸಿದ್ರಕ್ಕ ಆ ಚೀಟಿಯನ್ನು ಬೆಳಕಿನ ಪೆಟ್ಟಿಗೆಯ ಅಡಿಗೆ ತಳ್ಳಿ ಹೊಟ್ಟು ಹುರಿಯಲು ಕೂತಳು. ಯಾಕೆಂದರೆ ತಪ್ಪು ಬೆಳಕಿನದಾಗಿದ್ದರೆ ಮಗಳಿಗೆ ಏನೂ ಆಗುವಂತಿರಲಿಲ್ಲ. ಎಫ್ರೆನ್‌ಗೆ ಹೀಗಾದ ಮೇಲೆ ಸಿದ್ರಕ್ಕ ಮಗಳು ಜೋಸೆಲ್‌ಳನ್ನು ಆ ಕತ್ತಲೆ ಕೋಣೆಯ ಹೊಸ್ತಿಲು ಒಮ್ಮೆಯೂ ದಾಟಲು ಬಿಟ್ಟಿರಲಿಲ್ಲ. ಬೈಗುಳವೆಲ್ಲ ತನಗೆ, ಕ್ಷೇಮವೆಲ್ಲ ಮಗಳಿಗೆ ಎಂದು ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ದಳು. ಈಗ ಡಾಕ್ಟರು ಬಂದು ಬೆಳಕನ್ನು ಆರಿಸಿಬಿಟ್ಟಳು. ಉಳಿದದ್ದು ಅವಳ ಮೈ, ಅವಳ ಮೈಯಿಂದ ಮಗಳು.

ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಒಂದು ವಾರ ತಳ್ಳಿದಳು. ಹೇಳಿದರೆ ಮೈಮರೆಯುವುದನ್ನೂ ಹೇಳಬೇಕು. ಹೇಳಿದ ದಿನವೇ ಮುದುಕಿ ಮೊಟ್ಟೆ ಮುಟ್ಟಲು ಬಿಡುವುದಿಲ್ಲ. ಅಳಿಯ ರಮಿಲ್‌ನ ಮನೆಯವರು ಇಂಥ ಮನೆಯ ಹುಡುಗಿಯನ್ನು ತಂದೆವಲ್ಲ ಎನ್ನುತ್ತಾರೆ. ಎರಡನೇ ವಾರ, ಭಾನುವಾರಗಳಲ್ಲಿ ಬರುತ್ತಿದ್ದ ಜೋಸೆಲ್‌ಗೆ ಜ್ವರ, ಬರಲಿಲ್ಲ. ಮೂರನೇ ವಾರ ಎಫ್ರೆನ್‌ಗೆ ಮೂರು ದಿನ ಬಿಡದೆ ಸೆಳೆತ. ನಾಲ್ಕನೇ ಭಾನುವಾರ ಜೋಸೆಲ್ ಗಂಡನ ಜೊತೆ ಬಂದಳು. ಕೈಯಲ್ಲಿ ಅಕ್ಕಿಯ ಸಿಹಿಕಡುಬಿನ ತಟ್ಟೆ, ಮುಖದಲ್ಲಿ ನಗು.

"ಅಜ್ಜೀ, ಮುತ್ತಜ್ಜಿ ಆಗೋಕೆ ರೆಡಿಯಾಗು."

ಊಪೆಂಗ್ ಮುದುಕಿ ಬಾಣಲೆಯ ಸೌಟನ್ನೇ ಎತ್ತಿ ಕುಣಿದಳು. "ಎಷ್ಟೇ? ಎಷ್ಟು ತಿಂಗಳೇ?"

"ಎರಡೂವರೆ."

"ಎರಡೂವರೆ ತಿಂಗಳು ಬಾಯಿ ಮುಚ್ಕೊಂಡಿದ್ದೆಯಾ ಕಳ್ಳಿ! ರಮಿಲ್ಲಾ, ನಿನಗೂ ಇಷ್ಟು ಕೆಲಸ ಬರುತ್ತೆ ಅಂತ ಗೊತ್ತಿರಲಿಲ್ಲ ಕಣೋ." ರಮಿಲ್ ತಲೆ ಕೆರೆದುಕೊಂಡ. ಮುದುಕಿ ದನಿ ಬದಲಿಸಿದಳು. "ಕೇಳಿಲ್ಲಿ. ಆ ಬೆಳಕಿನ ಕೋಣೆ ಕಡೆ ತಲೆ ಹಾಕಬೇಡ. ಬುಟ್ಟಿಯಲ್ಲಿರೋ ಮೊಟ್ಟೇನೂ ದಿಟ್ಟಿಸಿ ನೋಡಬೇಡ. ನೋಡಲೇಬೇಕು ಅಂದ್ರೆ ಕ್ಯಾಲೆಂಡರಲ್ಲಿರೋ ಆ ಸಿನಿಮಾದವನನ್ನ ನೋಡು. ನಿಮ್ಮಮ್ಮನ ಹಾಗೆ ಮಾಡ್ಕೋಬೇಡ."

"ಅಮ್ಮಾ, ನೀನೇನೂ ಹೇಳ್ಲೇ ಇಲ್ಲ?" ಎಂದಳು ಜೋಸೆಲ್.

ಸಿದ್ರಕ್ಕನ ಮನಸ್ಸಿನಲ್ಲಿ ಲೆಕ್ಕ ಓಡುತ್ತಿತ್ತು. ಎರಡೂವರೆ. ಹೊರಟಾಗಿದೆ. ಈಗ, ಈ ಕಡುಬು ತಿನ್ನುವ ಹೊತ್ತಿನಲ್ಲೇ, ಆ ಹುಡುಗಿಯ ಹೊಟ್ಟೆಯೊಳಗೆ ಒಂದೊಂದು ಕಣ ಗಳ ಚಾಚುತ್ತಿದೆ. "ತಿನ್ನು, ಆರಿಹೋಗುತ್ತೆ" ಎಂದಷ್ಟೇ ಅಂದಳು.

ಆ ವಾರವೇ ಅವಳು ಎಫ್ರೆನ್‌ಗೆ ಮಗ್ಗುಲು ಬದಲಿಸುತ್ತ ಎಲ್ಲವನ್ನೂ ಹೇಳಿದ್ದು. ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರಲ್ಲ, ಆಗಲಿಲ್ಲ. ರೆಪ್ಪೆಗೆ ಮೊಟ್ಟೆ ಒತ್ತಿಕೊಂಡಾಗ ಒಳಗೆ ಏನೋ ಹತ್ತುತ್ತಿದೆ ಅನ್ನಿಸುವುದು. ಹೊಟ್ಟಿನ ಬಿಸಿಯಲ್ಲಿ ಉಸಿರು ಕಟ್ಟುವುದು. ಹೊರಗೆ ಹೋಗಿ ಗಾಳಿಗೆ ನಿಲ್ಲೋಣ ಎಂದರೆ ಹೊರಳಿಸುವ ಹೊತ್ತು. ಬುಟ್ಟಿಗಳಿಂದ ಮಗನ ಚಾಪೆಗೆ, ಮಗನ ಚಾಪೆಯಿಂದ ಬುಟ್ಟಿಗಳಿಗೆ. ಗಾಣದೆತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ. ಇವಳಿಗೆ ಎಲ್ಲ ಕಾಣುತ್ತಿತ್ತು.

ಮುಂದಿನ ಭಾನುವಾರ ಜೋಸೆಲ್ ಒಬ್ಬಳೇ ಬಂದಳು. ಹೊಸ ಮೊಟ್ಟೆ ಬಂದಿಳಿದಿತ್ತು. ಸಿದ್ರಕ್ಕ ಜಗುಲಿಯಲ್ಲಿ ಕಾಲು ಚಾಚಿ ಕೂತು ತಟ್ಟುತ್ತಿದ್ದಳು. ಹಿತ್ತಲಲ್ಲಿ ಮುದುಕಿ ಹೊಟ್ಟು ಹುರಿಯುವ ಸದ್ದು ಸೊರಸೊರ ಕೇಳುತ್ತಿತ್ತು. ಜೋಸೆಲ್ ಎದುರಿಗೆ ಕೂತು ವಾಂತಿಯ ಕಷ್ಟ, ಅತ್ತೆಯ ಉಪದೇಶ ಎಲ್ಲ ಹೇಳಿಕೊಳ್ಳುತ್ತಿದ್ದಳು.

ಆಮೇಲೆ ಸಿದ್ರಕ್ಕನ ಕೈ ಖಾಲಿಯಾಗಿತ್ತು. ಎರಡೂ ಮೊಟ್ಟೆ ಜೋಸೆಲ್‌ನ ಅಂಗೈಯಲ್ಲಿದ್ದವು.

"ಇಪ್ಪತ್ತೆರಡು" ಎಂದಳು ಜೋಸೆಲ್.

"ಏನು ಇಪ್ಪತ್ತೆರಡು?"

"ಎಣಿಸಿದೆ. ಮೊದಲು ನೀನು ಹತ್ತು ಹನ್ನೆರಡಕ್ಕೆಲ್ಲ ವಾಪಸು ಬರ್ತಿದ್ದೆ. ಈಗ ಜಾಸ್ತಿಯಾಗಿದೆ. ಇವನ್ನ ಬಿರುಕಿನ ಬುಟ್ಟಿಗೆ ಹಾಕ್ಲಾ?"

"ನಿನಗೆ... ಯಾವಾಗಿಂದ ಗೊತ್ತು?"

"ಏಳೆಂಟು ವರ್ಷದೋಳಿದ್ದಾಗಿಂದ. ರಾತ್ರಿ ಊಟಕ್ಕೆ ಬಿರುಕಿನ ಮೊಟ್ಟೆ ಬೇಯಿಸ್ತಿದ್ದೆಯಲ್ಲ, ಸುಲಿಯೋಳು ನಾನೇ ತಾನೇ? ಕೆಲವು ದಿನ ಒಂದರಲ್ಲೂ ಬಿರುಕೇ ಇರ್ತಿರಲಿಲ್ಲ. ಗಟ್ಟಿ ಕಲ್ಲು. ಆಮೇಲೆ ನಿನ್ನನ್ನ ನೋಡ್ತಾ ಕೂತೆ, ಗೊತ್ತಾಯ್ತು. ಒಳ್ಳೇ ಮೊಟ್ಟೆ ತಟ್ಟೆಗೆ ಬಂದ ದಿನ, ಅಮ್ಮ ಇವತ್ತು ಹೋಗಿಬಂದಿದ್ದಾಳೆ ಅಂದ್ಕೋತಿದ್ದೆ."

"ಯಾರಿಗೂ ಹೇಳಲಿಲ್ವಾ?"

"ನೀನು ಹೇಳಿದ್ಯಾ? ಮತ್ತೆ ನಾನ್ಯಾಕೆ ಹೇಳ್ಲಿ."

ಸಿದ್ರಕ್ಕ ಎದ್ದಳು. ಕತ್ತಲೆ ಕೋಣೆಗೆ ಹೋಗಿ ಪೆಟ್ಟಿಗೆಯ ಅಡಿಯಿಂದ ಚೀಟಿ ತಂದಳು. ಹೊಟ್ಟಿನ ಧೂಳು ಕೊಡವಿ ಮಗಳ ಮಡಿಲಲ್ಲಿ ಬಿಚ್ಚಿಟ್ಟಳು. ಗಳ, ಹುರಿ, ಹತ್ತುವುದು, ಮಧ್ಯೆ ನಿಲ್ಲುವುದು, ಗಂಡಿಗೆ ಒಂದು, ಹೆಣ್ಣಿಗೆ ಎರಡು, ಒಂದೂ ಬಿಡದೆ ಹೇಳಿದಳು. ಒಂದು ತಿಂಗಳು ತಡಮಾಡಿದ್ದನ್ನೂ ಹೇಳಿದಳು. ಹೇಳುವಾಗ ಮಗಳ ಮುಖ ನೋಡಲಾರದೆ ಚೀಟಿಯನ್ನೇ ನೋಡುತ್ತಿದ್ದಳು.

ಜೋಸೆಲ್ ಬಹಳ ಹೊತ್ತು ಆ ಚಿತ್ರದ ಮೇಲೆ ಬೆರಳಾಡಿಸಿದಳು. "ಹಾಗಾದ್ರೆ ನನ್ನ ಹತ್ರ ಆ ಕೆಟ್ಟ ಪ್ರತಿ ಇರಬಹುದು."

"ಇರಬಹುದು. ಇಲ್ಲದೇನೂ ಇರಬಹುದು. ಅರ್ಧಕ್ಕರ್ಧ ಅಂತಾಳೆ ಡಾಕ್ಟ್ರು."

"ರಮಿಲ್ ಒಂದು ಮಾತು ಹೇಳ್ತಿರ್ತಾನೆ ಅಮ್ಮಾ. ನಾನು ಒಮ್ಮೊಮ್ಮೆ ಒಲೆ ಮುಂದೆ ಕಲ್ಲಾಗಿಬಿಡ್ತೀನಂತೆ, ಕೂಗಿದ್ರೂ ಕೇಳಿಸಲ್ವಂತೆ. ನಾನು ತಮಾಷೆಗೆ ಅಂತಾನೆ ಅಂದ್ಕೊಂಡಿದ್ದೆ." ಅವಳು ಚೀಟಿಯನ್ನು ಮಡಿಸಿದಳು. "ಇಷ್ಟು ವರ್ಷ ನಿನ್ನದನ್ನ ಎಣಿಸಿದೆ. ನನ್ನದನ್ನ ಎಣಿಸೋರು ಯಾರು?"

ಸಿದ್ರಕ್ಕ ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಈಗ ತಿಳ್ಕೊಂಡು ಏನು ಮಾಡೋಕಾಗುತ್ತೆ? ಹುರಿ ಕಟ್ಟೋಕಾಗುತ್ತಾ?"

"ಆಗಲ್ಲ."

"ಬೇಡ ಅನ್ನೋಕಾಗುತ್ತಾ?"

"ಈ ದೇಶದ ಕಾನೂನು ಅದಕ್ಕೂ ಬಿಡಲ್ಲ. ನಿನಗೆ ಅದು ಬೇಕೂ ಇಲ್ಲ, ನನಗೆ ಗೊತ್ತು."

"ಮತ್ತೆ?"

"ತಿಳ್ಕೊಂಡಿರಬಹುದು. ಅಷ್ಟೇ ಮಗಾ. ಏಳನೇ ತಿಂಗಳ ಹೊತ್ತಿಗೆ ಮಗು ಒಳಗಿರುವಾಗಲೇ ತಲೆಯ ಚಿತ್ರ ತೆಗೀತಾರಂತೆ. ಮೊದಲು ನಿನ್ನ ರಕ್ತ. ನಿನಗೆ ಹಾಗೆ ಆಗ್ತಿದ್ರೆ ಮಾತ್ರೆ ಇದೆ. ಎಫ್ರೆನ್ ಹೊಟ್ಟೇಲಿದ್ದಾಗ ನಾನು ಏನೂ ತಿಳೀದೆ ನಗ್ತಾ ಇದ್ದೆ. ಆ ನಗು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ."

ಹಿತ್ತಲಿನ ಸೊರಸೊರ ನಿಂತು ಎಷ್ಟು ಹೊತ್ತಾಗಿತ್ತೋ, ಇಬ್ಬರಿಗೂ ಗಮನವಿರಲಿಲ್ಲ. ಹೊಟ್ಟು ಸೀದ ವಾಸನೆ ಬಂದಾಗ ತಲೆಯೆತ್ತಿದರು. ಊಪೆಂಗ್ ಮುದುಕಿ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

"ಬೆಳಕಿಂದ ಅಲ್ವಾ?" ಎಂದಳು.

"ಅಲ್ಲ ಅತ್ತೆ. ನನ್ನಿಂದ. ನನ್ನ ಮೈಯಿಂದ." ಸಿದ್ರಕ್ಕ ಬೈಗುಳಕ್ಕೆ ತಯಾರಾಗಿ ಕೂತಳು. ಈ ಸಲದ್ದು ನಿಜವಾದ ಬೈಗುಳ, ಇದಕ್ಕೆ ಮರೆಯಿಲ್ಲ.

ಮುದುಕಿ ಸೌಟನ್ನು ಕೆಳಗಿಟ್ಟು ಹೊಸ್ತಿಲ ಮೇಲೇ ಕೂತಳು. "ನಿನ್ನನ್ನ ಆ ಕೋಣೇಲಿ ಕೂರಿಸಿದ್ದು ಯಾರು?"

ಸಿದ್ರಕ್ಕ ಬಾಯಿ ತೆರೆಯುವ ಮುಂಚೆ ಮುದುಕಿಯೇ ಹೇಳಿದಳು.

"ನಾನು. ಬೆಳಕು ಹಿಡಿಯೋನು ಕಾಲು ಮುರ್ಕೊಂಡಾಗ, ಬಸುರಿ ಆದ್ರೇನು, ಕೂತು ಮಾಡೋ ಕೆಲಸ ತಾನೇ, ಹೋಗು ಅಂದೋಳು ನಾನು. ನೀನು ಒಲ್ಲೆ ಅಂದಿದ್ದೆ. ನಾನೇ ಬೆನ್ನಿಗೆ ಕೈ ಇಟ್ಟು ನೂಕಿದ್ದೆ. ಎಲ್ಲಾರ ಮುಂದೆ ನಿನ್ನನ್ನ ಬೈದೆ, ಯಾಕೆ ಗೊತ್ತಾ? ನಾನು ಬಾಯಿ ಮುಚ್ಚಿದ್ರೆ ನೀನು ಬಾಯಿ ಬಿಡ್ತೀಯಾ ಅಂತ. ಹದಿನೈದು ವರ್ಷ. ಪ್ರತಿ ಶುಕ್ರವಾರ ಇಗರ್ಜೀಲಿ ಬಾಗಿಲಿಂದ ಪೀಠದವರೆಗೆ ಮೊಣಕಾಲಲ್ಲಿ ಹೋಗ್ತೀನಲ್ಲ, ಮಂಡಿನೋವಿಗೆ ಹರಕೆ ಅಂತ ಹೇಳ್ಕೊಂಡು? ಮೊಣಕಾಲಲ್ಲಿ ನಡೆದ್ರೆ ಮಂಡಿನೋವು ಹೋಗುತ್ತೇನೇ ಹುಚ್ಚೀ!"

ಮುದುಕಿ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟವಾಗಿತ್ತು. ಅವಳ ಎದೆಯ ಮೇಲಿನ ಕಲ್ಲು ಇಳಿದದ್ದಂತೂ ಕಾಣುತ್ತಿತ್ತು. ಆ ಕಲ್ಲು ಎಲ್ಲಿಗೂ ಹೋಗಲಿಲ್ಲ. ಮುದುಕಿಯ ಎದೆಯಿಂದ ಸಿದ್ರಕ್ಕನ ಎದೆಗೆ ಬಂದು, ಜೋಸೆಲ್‌ನ ಎದೆಯನ್ನೂ ಹಿಡಿದು ಕೂತಿತು, ಅಷ್ಟೇ ವ್ಯತ್ಯಾಸ. ಸಿದ್ರಕ್ಕನಿಗೆ ಸಿಟ್ಟು ಬರಬೇಕಿತ್ತು. ಹುಡುಕಿದಳು, ಸಿಗಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಬಾಣಲೆಯ ಎದುರು, ಇಬ್ಬರು ಹೆಂಗಸರು ಇಷ್ಟು ವರ್ಷ ಒಂದೊಂದು ಸುಳ್ಳಿನ ಕೆಳಗೆ ಮಲಗಿದ್ದರಲ್ಲ ಎಂದು ಮಾತ್ರ ಅನ್ನಿಸಿತು.

"ನಾಳಿದ್ದು ಕಾದ್ಯೊ ಮೊಟ್ಟೆಗೆ ಅಂತ ಜೀಪು ತಗೊಂಡು ಹೋಗೋದು ಬೇಡ" ಎಂದಳು ಮುದುಕಿ ಮೂಗು ಒರೆಸಿಕೊಂಡು. "ನಿಮ್ಮಿಬ್ಬರನ್ನೂ ಆ ಚಪ್ಪಲಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಲಿ. ನೀನೂ ತಲೆಯ ಚಿತ್ರ ತೆಗೆಸ್ಕೋ. ಇಬ್ರೂ."

"ಎಫ್ರೆನ್? ಮೊಟ್ಟೆ?"

"ನಾನು ಸತ್ತಿದ್ದೀನಾ? ಹೊರಳಿಸೋಕೆ ಬರಲ್ವಾ ನನಗೆ? ನೀನು ಹುಟ್ಟೋ ಮುಂಚೆ ಹೊರಳಿಸಿದ್ದೀನಿ ಕಣೇ." ಎದ್ದು ಎರಡು ಹೆಜ್ಜೆ ಹೋದವಳು ತಿರುಗಿದಳು. "ಮತ್ತೆ ಇನ್ನು ಮೇಲೆ ಕೈಯಲ್ಲಿ ಮೊಟ್ಟೆ ಹಿಡ್ಕೊಂಡು ಹೋಗಿಬಂದ್ರೆ ಬಾಯಿಬಿಟ್ಟು ಹೇಳು. ಇನ್ನೊಂದ್ಸಲ ತಟ್ಟಿದ್ರಾಯ್ತು. ಎಷ್ಟು ಒಳ್ಳೇ ಮೊಟ್ಟೆ ತಿಂದಿದ್ದೀವೋ ದೇವರೇ!"

ಜೋಸೆಲ್ ಮಡಿಲಿನಲ್ಲಿದ್ದ ಎರಡು ಮೊಟ್ಟೆಗಳನ್ನು ಕಿವಿಯ ಹತ್ತಿರ ಹಿಡಿದು ತಟ್ಟಿದಳು. ಕಲ್ಲಿನ ಸದ್ದು. ಒಳ್ಳೆಯ ಬುಟ್ಟಿಗೆ ಹಾಕಿದಳು. ಆಮೇಲೆ ಕತ್ತಲೆ ಕೋಣೆಯ ಕಡೆ ನೋಡಿ, "ಇವತ್ತು ಹದಿನಾಲ್ಕನೇ ದಿನದ್ದು ಇದೆಯಾ?" ಎಂದು ಕೇಳಿದಳು.

"ಇದೆ. ಸಂಜೆಗೆ ನೋಡ್ಬೇಕು."

"ನಾನೂ ಕೂರ್ತೀನಿ. ಇನ್ನೇನು ಭಯ."

ಸಿದ್ರಕ್ಕನ ಬಾಯಿಗೆ ಬೇಡ ಎಂಬ ಮಾತು ಅಭ್ಯಾಸಬಲದಿಂದ ಬಂತು. ನುಂಗಿಕೊಂಡಳು. "ಮೊದಲು ಹೊರಳಿಸೋಣ ಬಾ. ನಾಲ್ಕಾಯ್ತು."

ತಾಯಿ ಮಗಳು ಮೊದಲ ಬುಟ್ಟಿಯ ಎರಡು ಕಡೆ ನಿಂತರು. ಸಿದ್ರಕ್ಕ ಮೇಲಿನ ಹೊಟ್ಟಿನ ಚೀಲ ಎತ್ತಿ ಪಕ್ಕಕ್ಕಿಟ್ಟಳು. ಮೊಟ್ಟೆಯ ಬಲೆಚೀಲವನ್ನು ಜೋಸೆಲ್ ಎರಡೂ ಕೈಯಿಂದ ಹಿಡಿದು, ಅಲುಗದ ಹಾಗೆ ಇನ್ನೊಂದು ಬುಟ್ಟಿಯ ತಳಕ್ಕೆ ಇಳಿಸಿದಳು. ಮೇಲೆ ಬಿಸಿ ಹೊಟ್ಟು. ಮತ್ತೊಂದು ಚೀಲ. ನಡುವೆ ಒಮ್ಮೆ ಸಿದ್ರಕ್ಕ ಒಂದು ಮೊಟ್ಟೆ ತೆಗೆದು ರೆಪ್ಪೆಗೆ ಒತ್ತಿ, ಕಾವು ಸಾಕು ಎಂದು ತಲೆಯಾಡಿಸಿದಳು. ಹನ್ನೊಂದು ಬುಟ್ಟಿ ಮುಗಿಯುವ ಹೊತ್ತಿಗೆ ಇಬ್ಬರ ಬೆನ್ನೂ ಒದ್ದೆಯಾಗಿತ್ತು. ಆಮೇಲೆ ಒಳಗೆ ಹೋಗಿ, ಒಬ್ಬಳು ಭುಜ, ಒಬ್ಬಳು ಸೊಂಟ ಹಿಡಿದು ಎಫ್ರೆನ್‌ನನ್ನು ಬಲಮಗ್ಗುಲಿಂದ ಎಡಮಗ್ಗುಲಿಗೆ ಹೊರಳಿಸಿದರು. ಹೊಟ್ಟಿನ ಧೂಳಿಗೆ ಜೋಸೆಲ್ ಸೀನಿದಳು. ಅವನು ನಕ್ಕ. ಸಿದ್ರಕ್ಕ ಅವನ ಕೆಳಗಿನ ಬಟ್ಟೆ ಎಳೆದು ಮಡಿಕೆ ಬಿಡಿಸಿದಳು, ಒದ್ದೆಯಾದದ್ದನ್ನು ಬಕೆಟ್ಟಿಗೆ ಹಾಕಿ ನೀರು ಬಿಟ್ಟಳು.